ಮೂತ್ರಪಿಂಡ: ಸದ್ದಿಲ್ಲದೆ ಸೋಸುವ ಅಂಗ

ಮುಂಗಾರಿನ ದಿನಗಳಲ್ಲಿ ಜೋಗಿಮಟ್ಟಿಯ ನೆತ್ತಿಯ ಮೇಲೆ ನಿಂತವರಿಗೆ ನೀರಿನ ನಡೆ ಕಣ್ಣಿಗೆ ಕಾಣುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಿಗೆ ಚಾಚಿಕೊಂಡಿರುವ ಈ ಗುಡ್ಡಸಾಲಿನ ಮೇಲೆ ಬಿದ್ದ ಹನಿಯು ಹುಲ್ಲಿನ ಬುಡದಲ್ಲಿ, ತರಗೆಲೆಯ ಹಾಸಿನಲ್ಲಿ, ಕಲ್ಲಿನ ಸಂದುಗಳಲ್ಲಿ ಇಳಿದು, ಹಳ್ಳವಾಗಿ ಹರಿದು, ತಪ್ಪಲಿನ ಕೆರೆಗಳನ್ನು ಸೇರುತ್ತದೆ. ಸಮೀಪದ ದುರ್ಗದ ಕೋಟೆಯಲ್ಲಿ ನಮ್ಮ ಪೂರ್ವಿಕರು ಇದೇ ನಡೆಯನ್ನು ಅರಿತು ಹೊಂಡಗಳ ಸಾಲನ್ನೇ ಕಟ್ಟಿದರು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡ, ಮುಂದೆ ಊರಿನ ಕಡೆಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದೊಂದು ಹೊಂಡದಲ್ಲಿಯೂ ಹೂಳು ತಳಕ್ಕೆ ನಿಂತು, ತಿಳಿನೀರು ಮುಂದಕ್ಕೆ ಸಾಗುತ್ತದೆ.

ನಮ್ಮ ಶರೀರದಲ್ಲಿಯೂ ಇಂತಹುದೊಂದು ಜಲವ್ಯವಸ್ಥೆ ಇದೆ. ಅದನ್ನು ನಡೆಸುವವು ಮೂತ್ರಪಿಂಡಗಳು, ಜನರ ಮಾತಿನಲ್ಲಿ ಕಿಡ್ನಿಗಳು. ಅವುಗಳ ರಚನೆ, ಅವು ರಕ್ತವನ್ನು ಸೋಸುವ ಕ್ರಮ, ಆ ಸೋಸುವಿಕೆಯನ್ನು ಅಳೆಯುವ ಬಗೆ, ಅದನ್ನು ಕಾಪಾಡಿಕೊಳ್ಳುವ ರೀತಿ, ಇವಿಷ್ಟನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡಲು ನಾವು ಬಯಸಿದ್ದೇವೆ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಆರೋಗ್ಯ ತಪಾಸಣೆಯ ಶಿಬಿರಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದುಂಟು: “ಸ್ವಾಮಿ, ಸೊಂಟ ಬಹಳ ನೋಯುತ್ತದೆ, ಕಿಡ್ನಿ ಏನಾದರೂ ಕೆಟ್ಟಿದೆಯೋ ನೋಡಿ.” ಹೀಗೆ ಕೇಳುವವರಲ್ಲಿ ಬಹುತೇಕರಿಗೆ ಇರುವುದು ಬಾಗಿ ದುಡಿದು ಬಂದ ಮಾಂಸಖಂಡದ ನೋವು ಅಥವಾ ಬೆನ್ನುಮೂಳೆಯ ಸವೆತ. ಇನ್ನೊಂದೆಡೆ, ಮೂತ್ರಪಿಂಡಗಳು ನಿಜವಾಗಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿರುವವರು “ನನಗೇನೂ ನೋವಿಲ್ಲ” ಎಂದು ಪರೀಕ್ಷೆಯ ಸಾಲಿನಿಂದ ದೂರ ನಿಲ್ಲುತ್ತಾರೆ. ಇದಕ್ಕಿಂತ ಕಳವಳದ ಸಂಗತಿಯೆಂದರೆ, ಸೊಂಟನೋವಿಗೆಂದು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದ ಮಾತ್ರೆಯೇ ಕೆಲವರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿರುತ್ತದೆ. ನೋವಿರುವಲ್ಲಿ ರೋಗವಿಲ್ಲ, ರೋಗವಿರುವಲ್ಲಿ ನೋವಿಲ್ಲ. ಈ ತೊಡಕನ್ನು ಬಿಡಿಸಿಕೊಳ್ಳಬೇಕಾದರೆ ಸೋಸುವಿಕೆಯ ಕ್ರಮವನ್ನು ಮೊದಲು ಅರಿಯಬೇಕು.

ರಚನೆ

ಮೂತ್ರಪಿಂಡಗಳು ಎರಡು. ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಅವು ನೆಲೆಗೊಂಡಿವೆ. ಆಕಾರ ಅವರೆಕಾಳಿನಂತೆ ಬಾಗಿದ್ದು. ಉದ್ದ 10ರಿಂದ 12 ಸೆಂಟಿಮೀಟರ್. ಒಂದೊಂದರ ತೂಕ ಸುಮಾರು 150 ಗ್ರಾಂ. ಎರಡೂ ಸೇರಿದರೆ ದೇಹದ ತೂಕದ ನೂರರಲ್ಲಿ ಅರ್ಧ ಪಾಲೂ ಆಗುವುದಿಲ್ಲ. ಆದರೆ ಹೃದಯವು ನಿಮಿಷಕ್ಕೆ ಹೊರದೂಡುವ ಸುಮಾರು 5 ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ಮಿಗಿಲಾದ ಪಾಲು ಈ ಎರಡು ಅಂಗಗಳಿಗೇ ಸಲ್ಲುತ್ತದೆ. ತನ್ನ ಹೊಟ್ಟೆಪಾಡಿಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ರಕ್ತ ಇಲ್ಲಿಗೆ ಬರುವುದು ಶುದ್ಧಿಗಾಗಿ.

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸರಾಸರಿ ಹತ್ತು ಲಕ್ಷದಷ್ಟು ಸೂಕ್ಷ್ಮ ಘಟಕಗಳಿವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಪ್ರತಿ ನೆಫ್ರಾನಿಗೂ ಎರಡು ಭಾಗಗಳು. ಮೊದಲನೆಯದು ಕೂದಲಿಗಿಂತ ತೆಳುವಾದ ರಕ್ತನಾಳಗಳು ನೂಲಿನ ಉಂಡೆಯಂತೆ ಸುತ್ತಿಕೊಂಡ ಗುಚ್ಛ. ಇದನ್ನು ವೈದ್ಯಶಾಸ್ತ್ರದಲ್ಲಿ ಗ್ಲೊಮೆರುಲಸ್ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಸೋಸುಗುಚ್ಛವೆಂದು ಕರೆಯೋಣ. ಈ ಗುಚ್ಛವನ್ನು ಬೊಗಸೆಯಂತೆ ಹಿಡಿದಿರುವುದು ಬೌಮನ್ ಸಂಪುಟ. ಎರಡನೆಯದು ಆ ಸಂಪುಟದಿಂದ ಹೊರಟು ಸುತ್ತಿ ಬಳಸಿ ಸಾಗುವ ಸಣ್ಣ ನಾಳ. ಸೋಸುವುದು ಗುಚ್ಛದ ಕೆಲಸ. ಸೋಸಿ ಬಂದುದರಲ್ಲಿ ಬೇಕಾದುದನ್ನು ಆಯ್ದು ಹಿಂದಕ್ಕೆ ಪಡೆಯುವುದು ನಾಳದ ಕೆಲಸ.

ಹುಟ್ಟುವಾಗ ಎಷ್ಟು ನೆಫ್ರಾನುಗಳನ್ನು ಪಡೆದು ಬಂದಿರುವೆವೋ ಅಷ್ಟೇ ನಮ್ಮ ಆಸ್ತಿ. ಚರ್ಮ ಗಾಯಗೊಂಡರೆ ಮತ್ತೆ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ನಾಶವಾದ ನೆಫ್ರಾನಿನ ಸ್ಥಾನದಲ್ಲಿ ಹೊಸದು ಹುಟ್ಟುವುದಿಲ್ಲ. ಮುಂದಿನ ಮಾತುಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಸೋಸುವ ಕ್ರಮ

ಜರಡಿಯಲ್ಲಿ ಹಿಟ್ಟನ್ನು ಹಾಕಿಟ್ಟರೆ ಅದು ತಾನಾಗಿ ಇಳಿಯದು, ಅಲ್ಲಾಡಿಸಬೇಕು. ಹಾಗೆಯೇ ರಕ್ತವು ಸೋಸಲ್ಪಡಬೇಕಾದರೆ ಒಂದು ಒತ್ತಡ ಬೇಕು. ಆ ಒತ್ತಡವನ್ನು ಕೊಡುವುದು ಹೃದಯ. ಹದಗೊಳಿಸುವುದು ಗುಚ್ಛದ ಎರಡು ಬಾಗಿಲುಗಳು. ಗುಚ್ಛದೊಳಕ್ಕೆ ರಕ್ತವನ್ನು ತರುವ ಕಿರುಧಮನಿಯೊಂದು, ಹೊರಕ್ಕೆ ಒಯ್ಯುವ ಕಿರುಧಮನಿ ಇನ್ನೊಂದು. ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಕಿರಿದು. ಕೆರೆಗೆ ಹಳ್ಳದ ನೀರು ಧಾರಾಳವಾಗಿ ಬರುತ್ತಿದ್ದು, ತೂಬನ್ನು ಅರ್ಧಕ್ಕೆ ಇಳಿಸಿದರೆ ಕೆರೆಯ ಮಟ್ಟ ಏರುವುದಿಲ್ಲವೇ? ಅಂತೆಯೇ ಗುಚ್ಛದೊಳಗೆ ಒತ್ತಡ ಏರಿ ನಿಲ್ಲುತ್ತದೆ.

ಇದರ ಲೆಕ್ಕ ಸರಳವಾಗಿದೆ. ಗುಚ್ಛದೊಳಗಿನ ರಕ್ತದ ಒತ್ತಡ ಸುಮಾರು 60 ಮಿಲಿಮೀಟರ್ ಪಾದರಸದಷ್ಟು. ಇದು ನೀರನ್ನು ಹೊರಕ್ಕೆ ತಳ್ಳುತ್ತದೆ. ಇದಕ್ಕೆ ಎದುರಾಗಿ ಎರಡು ಶಕ್ತಿಗಳು ಕೆಲಸ ಮಾಡುತ್ತವೆ. ರಕ್ತದಲ್ಲಿರುವ ಸಸಾರಜನಕಗಳು ನೀರನ್ನು ತಮ್ಮೆಡೆಗೆ ಹಿಡಿದೆಳೆಯುವ ಬಲ ಸುಮಾರು 32; ಸಂಪುಟದಲ್ಲಿ ಆಗಲೇ ತುಂಬಿರುವ ದ್ರವದ ಎದುರೊತ್ತಡ ಸುಮಾರು 18. ಅರುವತ್ತರಲ್ಲಿ ಐವತ್ತು ಕಳೆದರೆ ಉಳಿಯುವುದು ಹತ್ತು. ಈ ಹತ್ತರ ಬಲದಿಂದಲೇ ಹಗಲಿರುಳೂ ಸೋಸುವಿಕೆ ನಡೆಯುತ್ತದೆ. ಉಳಿತಾಯ ಇಷ್ಟು ಕಡಿಮೆಯಿರುವುದರಿಂದ, ವಾಂತಿ-ಭೇದಿಯಿಂದ ದೇಹ ಒಣಗಿದಾಗ, ಹೆಚ್ಚು ರಕ್ತ ಹೋದಾಗ ಅಥವಾ ಕಲ್ಲು ಅಡ್ಡಬಂದು ಮೂತ್ರ ಕಟ್ಟಿದಾಗ ಸೋಸುವಿಕೆ ಬಹುಬೇಗ ಕುಗ್ಗುತ್ತದೆ.

ಇನ್ನು ಜರಡಿಯ ಸ್ವರೂಪ. ಅದಕ್ಕೆ ಮೂರು ಪದರಗಳು. ಒಳಗಿನದು ಸಣ್ಣ ರಂಧ್ರಗಳುಳ್ಳ ರಕ್ತನಾಳದ ಗೋಡೆ. ಇದು ರಕ್ತಕಣಗಳನ್ನು ತಡೆಯುತ್ತದೆ. ನಡುವಿನದು ನೇಯ್ಗೆಯಂತಹ ತೆಳುಪೊರೆ. ಹೊರಗಿನದು ಬೆರಳುಗಳನ್ನು ಹೆಣೆದಂತೆ ಗುಚ್ಛವನ್ನು ಅಪ್ಪಿಕೊಂಡಿರುವ ವಿಶೇಷ ಜೀವಕೋಶಗಳ ಸಾಲು. ಆ ಬೆರಳುಗಳ ನಡುವಿನ ಸಂದೇ ಕೊನೆಯ ಜರಡಿ. ನೀರು, ಉಪ್ಪು, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಮೊದಲಾದ ಸಣ್ಣ ವಸ್ತುಗಳು ಸರಾಗವಾಗಿ ಇಳಿದುಹೋಗುತ್ತವೆ. ಆಲ್ಬುಮಿನ್ ಎಂಬ ರಕ್ತದ ಮುಖ್ಯ ಸಸಾರಜನಕ ಗಾತ್ರದಲ್ಲಿ ದೊಡ್ಡದು. ಮೇಲಾಗಿ ಅದರಲ್ಲಿಯೂ ಜರಡಿಯಲ್ಲಿಯೂ ಒಂದೇ ಬಗೆಯ ಋಣ ವಿದ್ಯುದಂಶ ಇರುವುದರಿಂದ ಜರಡಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ಆರೋಗ್ಯವಂತರ ಮೂತ್ರದಲ್ಲಿ ಆಲ್ಬುಮಿನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಸೋರತೊಡಗಿತೆಂದರೆ ಜರಡಿ ಹರಿಯತೊಡಗಿದೆ ಎಂದೇ ಅರ್ಥ.

ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ದ್ರವವನ್ನು ಸೋಸುತ್ತವೆ. ದಿನಕ್ಕೆ 180 ಲೀಟರ್! ನಮ್ಮ ರಕ್ತದಲ್ಲಿ ಕಣಗಳನ್ನು ಬಿಟ್ಟು ಉಳಿಯುವ ದ್ರವಭಾಗ ಸುಮಾರು 3 ಲೀಟರ್ ಮಾತ್ರ. ಎಂದರೆ ಅದೇ ಮೂರು ಲೀಟರ್ ದಿನವೊಂದಕ್ಕೆ ಅರುವತ್ತು ಬಾರಿ ಸೋಸಿ ಶುದ್ಧವಾಗುತ್ತದೆ.

ಕೊಟ್ಟು ಪಡೆಯುವ ಜಾಣ್ಮೆ

180 ಲೀಟರ್ ಸೋಸಿದರೂ ನಾವು ವಿಸರ್ಜಿಸುವ ಮೂತ್ರ ಒಂದರಿಂದ ಎರಡು ಲೀಟರ್ ಮಾತ್ರ. ಉಳಿದುದು ಎಲ್ಲಿಗೆ ಹೋಯಿತು? ಇಲ್ಲಿಯೇ ಮೂತ್ರಪಿಂಡವು ದುರ್ಗದ ಹೊಂಡಗಳಿಗಿಂತ ಭಿನ್ನವಾಗುತ್ತದೆ. ಹೊಂಡವು ಹೂಳನ್ನು ಹಿಡಿದಿಟ್ಟುಕೊಂಡು ತಿಳಿನೀರನ್ನು ಮುಂದಕ್ಕೆ ಬಿಡುತ್ತದೆ. ಮೂತ್ರಪಿಂಡವು ನೀರು, ಉಪ್ಪು, ಸಕ್ಕರೆ, ಕಶ್ಮಲ ಎಲ್ಲವನ್ನೂ ಒಮ್ಮೆಗೇ ಹೊರಗೆ ಸುರಿದು, ಬೇಕಾದುದನ್ನು ಮಾತ್ರ ಹೆಕ್ಕಿ ಒಳಕ್ಕೆ ತೆಗೆದುಕೊಳ್ಳುತ್ತದೆ. ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು, ಬೇಕಾದುದನ್ನಷ್ಟೇ ಮತ್ತೆ ಒಳಗಿಟ್ಟು, ಉಳಿದುದನ್ನು ಗುಡಿಸಿಹಾಕಿದಂತೆ ಇದು.

ಒಂದು ದಿನದಲ್ಲಿ ಸೋಸಿಹೋಗುವ ಸೋಡಿಯಮ್ಮನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಸುಮಾರು ಒಂದೂವರೆ ಕಿಲೋ ಆಗುತ್ತದೆ. ಸಕ್ಕರೆ ಸುಮಾರು 180 ಗ್ರಾಂ. ನಾಳಗಳು ಸಕ್ಕರೆಯನ್ನು ಪೂರ್ತಿಯಾಗಿ, ನೀರು ಮತ್ತು ಉಪ್ಪನ್ನು ನೂರಕ್ಕೆ ತೊಂಬತ್ತೊಂಬತ್ತರಷ್ಟು ಮರಳಿ ಪಡೆಯುತ್ತವೆ. ರಕ್ತದಲ್ಲಿ ಸಕ್ಕರೆ 180 ಮಿಲಿಗ್ರಾಂ ಮಟ್ಟವನ್ನು ಮೀರಿದಾಗ ಮಾತ್ರ ನಾಳಗಳ ಶಕ್ತಿ ಸಾಲದೆ ಅದು ಮೂತ್ರದಲ್ಲಿ ಹರಿಯತೊಡಗುತ್ತದೆ. ತನ್ನೊಡನೆ ನೀರನ್ನೂ ಸೆಳೆದೊಯ್ಯುತ್ತದೆ. ಮಧುಮೇಹಿಗಳಿಗೆ ಪದೇ ಪದೇ ಮೂತ್ರ ಬರುವುದೂ ಬಾಯಾರಿಕೆ ಹೆಚ್ಚುವುದೂ ಇದರಿಂದಲೇ.

ಈ ಸತ್ಯವು ಮನುಷ್ಯನ ಅರಿವಿಗೆ ಬಂದುದು ನಿಧಾನವಾಗಿ. 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್ ಗುಚ್ಛವನ್ನು ಸುತ್ತುವರಿದ ಸಂಪುಟವು ನಾಳದ ತುದಿಯೇ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್, ರಕ್ತದ ಒತ್ತಡದಿಂದಲೇ ಸೋಸುವಿಕೆ ನಡೆಯುತ್ತದೆ ಎಂದು ವಾದಿಸಿದರು. 1924ರಲ್ಲಿ ಅಮೆರಿಕದ ವೇರ್ನ್ ಮತ್ತು ರಿಚರ್ಡ್ಸ್ ಎಂಬುವರು ಕಪ್ಪೆಯ ಬೌಮನ್ ಸಂಪುಟದೊಳಗೆ ಗಾಜಿನ ಅತಿಸೂಕ್ಷ್ಮ ನಳಿಕೆಯನ್ನು ತೂರಿಸಿ ಅಲ್ಲಿನ ದ್ರವವನ್ನು ಹೀರಿ ತೆಗೆದರು. ಅದರಲ್ಲಿ ಸಕ್ಕರೆಯಿತ್ತು, ಸಸಾರಜನಕವಿರಲಿಲ್ಲ. ಅದೇ ಕಪ್ಪೆಯ ಮೂತ್ರಕೋಶದಲ್ಲಿ ಸಕ್ಕರೆಯೂ ಇರಲಿಲ್ಲ. ಗುಚ್ಛವು ಸೋಸುತ್ತದೆ, ನಾಳವು ಮರಳಿ ಪಡೆಯುತ್ತದೆ ಎಂಬುದಕ್ಕೆ ಅಲ್ಲಿ ಕಣ್ಣಾರೆ ಸಾಕ್ಷಿ ದೊರೆಯಿತು.

ಸೋಸುವುದರ ಜೊತೆಗೆ ಮೂತ್ರಪಿಂಡಗಳಿಗೆ ಬೇರೆ ಕಾಯಕವೂ ಇದೆ. ರಕ್ತಕಣಗಳನ್ನು ಹುಟ್ಟಿಸುವಂತೆ ಎಲುಬಿನ ಮಜ್ಜೆಗೆ ಆಜ್ಞೆ ಕಳಿಸುವ ಚೋದಕವನ್ನು ಅವು ತಯಾರಿಸುತ್ತವೆ. ಆದುದರಿಂದಲೇ ಮೂತ್ರಪಿಂಡ ಕೆಟ್ಟವರು ರಕ್ತಹೀನರಾಗಿ ಬಿಳಿಚಿಕೊಳ್ಳುತ್ತಾರೆ. ಬಿಸಿಲಿನಿಂದ ದೊರೆತ ಡಿ ಜೀವಸತ್ವವನ್ನು ಮೂಳೆಗೆ ಒದಗುವಂತೆ ಕೊನೆಯ ಹದಕ್ಕೆ ತರುವುದೂ, ರಕ್ತದೊತ್ತಡವನ್ನು ಹಿಡಿತದಲ್ಲಿಡುವುದೂ, ರಕ್ತದ ಹುಳಿಯನ್ನು ಸಮತೋಲದಲ್ಲಿಡುವುದೂ ಅವುಗಳ ಕೆಲಸವೇ.

ಸೋಸುವಿಕೆಯನ್ನು ಅಳೆಯುವುದು ಹೇಗೆ?

ನೋವು ಸುಳಿವು ಕೊಡದ ಮೇಲೆ ಅಳತೆಯೇ ನಮಗೆ ದಾರಿ. ಮಾಂಸಖಂಡಗಳಿಂದ ದಿನವೂ ಒಂದೇ ಪ್ರಮಾಣದಲ್ಲಿ ಹುಟ್ಟುವ ಕ್ರಿಯಾಟಿನಿನ್ ಎಂಬ ಕಶ್ಮಲವು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಸೋಸುವಿಕೆ ಕುಗ್ಗಿದರೆ ಅದು ರಕ್ತದಲ್ಲಿ ಶೇಖರವಾಗುತ್ತದೆ. ಪ್ರಯೋಗಾಲಯಗಳು ಸಾಮಾನ್ಯ ಮಟ್ಟವೆಂದು ಸುಮಾರು 0.6ರಿಂದ 1.2 ಮಿಲಿಗ್ರಾಂ ಎಂದು ಮುದ್ರಿಸುತ್ತವೆ.

ಇಲ್ಲಿ ಒಂದು ಮೋಸವಿದೆ, ಓದುಗರು ಗಮನಿಸಬೇಕು. ಸೋಸುವಿಕೆ ಅರ್ಧಕ್ಕೆ ಇಳಿದರೆ ಕ್ರಿಯಾಟಿನಿನ್ ಎರಡು ಪಟ್ಟಾಗುತ್ತದೆ, ಅಷ್ಟೇ. ಮೊದಲು 0.6 ಇದ್ದವರಿಗೆ ಅರ್ಧ ಶಕ್ತಿ ಹೋದಾಗ 1.2 ಆಗುತ್ತದೆ. ಚೀಟಿಯಲ್ಲಿ ಅದಿನ್ನೂ “ಸಾಮಾನ್ಯ” ಎಂದೇ ಕಾಣುತ್ತದೆ! ಅದಲ್ಲದೆ ಮಾಂಸಖಂಡ ಕಡಿಮೆಯಿರುವ ವೃದ್ಧರಲ್ಲಿ, ಕೃಶದೇಹದ ಹೆಂಗಸರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಆದಕಾರಣ ವೈದ್ಯರು ಈ ಸಂಖ್ಯೆಯೊಡನೆ ವಯಸ್ಸನ್ನೂ ಹೆಣ್ಣು-ಗಂಡೆಂಬ ಭೇದವನ್ನೂ ಸೇರಿಸಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಅಂದಾಜು ಮಾಡುತ್ತಾರೆ. ಪ್ರಯೋಗಾಲಯದ ಚೀಟಿಯಲ್ಲಿ ‘ಇ-ಜಿಎಫ್‌ಆರ್’ ಎಂದು ಬರೆದಿರುವುದು ಇದನ್ನೇ. ಉದಾಹರಣೆಗೆ, ಇಬ್ಬರಿಗೂ ಕ್ರಿಯಾಟಿನಿನ್ 1.1 ಎಂದಿಟ್ಟುಕೊಳ್ಳೋಣ. ಇಪ್ಪತ್ತೈದರ ತರುಣನಲ್ಲಿ ಸೋಸುವಿಕೆ ಸುಮಾರು 95 ಇದ್ದು, ಆತ ಆರೋಗ್ಯವಂತ. ಅರುವತ್ತೈದರ ತಾಯಿಯಲ್ಲಿ ಅದು ಸುಮಾರು 56; ಆಕೆಗೆ ನಿಗಾ ಬೇಕು.

ಈ ಅಳತೆ 90ಕ್ಕಿಂತ ಮೇಲಿದ್ದರೆ ಚೆನ್ನು. 60ರಿಂದ 89ರವರೆಗೆ ಅಲ್ಪ ಇಳಿಕೆ. ಮೂತ್ರದಲ್ಲಿ ದೋಷವಿಲ್ಲದಿದ್ದರೆ ವಯಸ್ಸಾದವರಲ್ಲಿ ಇದಕ್ಕೆ ಭಯಪಡಬೇಕಾಗಿಲ್ಲ. 60ಕ್ಕಿಂತ ಕೆಳಗಿಳಿದು ಮೂರು ತಿಂಗಳು ಹಾಗೆಯೇ ನಿಂತರೆ ಅದು ದೀರ್ಘಕಾಲಿಕ ಮೂತ್ರಪಿಂಡ ರೋಗ. 30ಕ್ಕಿಂತ ಕೆಳಗಿಳಿದರೆ ತೀವ್ರ. 15ಕ್ಕಿಂತ ಕೆಳಗೆ ಡಯಾಲಿಸಿಸ್ ಅಥವಾ ಕಸಿಯ ಮಾತು ಬರುತ್ತದೆ.

ಎರಡನೆಯ ಪರೀಕ್ಷೆ ಮೂತ್ರದ್ದು. ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಇವುಗಳ ಅನುಪಾತ 30ಕ್ಕಿಂತ ಕಡಿಮೆಯಿರಬೇಕು. 30ರಿಂದ 300ರವರೆಗೆ ಇದ್ದರೆ ಜರಡಿ ಸೋರತೊಡಗಿದೆ. 300 ಮೀರಿದರೆ ಸೋರಿಕೆ ಹೆಚ್ಚಾಗಿದೆ. ಮಧುಮೇಹಿಗಳಲ್ಲಿ ಬಹುಸಾರಿ ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಸೋರಿಕೆ ತೋರುತ್ತದೆ. ಹರಿದ ಜರಡಿಯನ್ನು ಉಳಿಸಿಕೊಳ್ಳಲು ದೊರೆಯುವ ಒಳ್ಳೆಯ ಅವಕಾಶ ಅದೇ.

ಕೆಡುವ ಬಗೆ

ಮೂತ್ರಪಿಂಡಗಳನ್ನು ಕೆಡಿಸುವ ಕಾರಣಗಳಲ್ಲಿ ಅಗ್ರಸ್ಥಾನ ಮಧುಮೇಹ ಮತ್ತು ರಕ್ತದೊತ್ತಡಗಳದ್ದು. ಮಧುಮೇಹದ ಆರಂಭದಲ್ಲಿ ಗುಚ್ಛದ ಒಳಬಾಗಿಲು ಹಿಗ್ಗಿ, ಒತ್ತಡ ಹೆಚ್ಚಿ, ಸೋಸುವಿಕೆ ಇನ್ನಷ್ಟು ಚುರುಕಾಗುತ್ತದೆ. ರೋಗಿಗೆ ಯಾವ ತೊಂದರೆಯೂ ತಿಳಿಯದು. ಆದರೆ ಸದಾ ತುಂಬಿ ನಿಂತ ಕೆರೆಯ ಏರಿ ಒಳಗೊಳಗೇ ಜಿನುಗುವಂತೆ ಜರಡಿ ಸಡಿಲಗೊಳ್ಳುತ್ತದೆ, ಗುಚ್ಛಗಳು ಒಂದೊಂದಾಗಿ ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಒಂದು ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ನುಗ್ಗುವ ಹಾಗೆ, ಮುಚ್ಚಿಹೋದ ನೆಫ್ರಾನುಗಳ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಅವು ಅತಿಯಾಗಿ ದುಡಿದು ತಾವೂ ಬೇಗ ಸೋಲುತ್ತವೆ. ಹೀಗೆ ಉಳಿದವರು ಹೊರೆ ಹೊರುವುದರಿಂದಲೇ ಕೊನೆಯವರೆಗೆ ರೋಗ ಬಯಲಾಗುವುದಿಲ್ಲ. ಮುಖ ಊದುವುದು, ಕಾಲು ಬಾವು, ನೊರೆಮೂತ್ರ, ವಾಕರಿಕೆ, ಆಯಾಸ, ರಾತ್ರಿ ಹಲವು ಬಾರಿ ಏಳುವುದು, ಈ ಲಕ್ಷಣಗಳು ಬಹುಮಟ್ಟಿಗೆ ತಡವಾಗಿ ಬರುವ ಅತಿಥಿಗಳು.

ಈಗ ನೋವಿನ ಮಾತ್ರೆಯ ವಿಚಾರ. ದೇಹದಲ್ಲಿ ನೀರು ಕಡಿಮೆಯಾದಾಗ ಗುಚ್ಛದ ಒಳಬಾಗಿಲನ್ನು ತೆರೆದಿಡುವುದಕ್ಕಾಗಿ ಮೂತ್ರಪಿಂಡವು ಪ್ರೊಸ್ಟಗ್ಲಾಂಡಿನ್ ಎಂಬ ರಸವಿಶೇಷವನ್ನು ಉತ್ಪಾದಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್ ಮೊದಲಾದ ಮಾತ್ರೆಗಳು ನೋವನ್ನು ಶಮನಗೊಳಿಸುವುದು ಇದೇ ರಸವನ್ನು ತಡೆಯುವುದರಿಂದ. ನೋವು ತಗ್ಗುತ್ತದೆ, ಅದರ ಜೊತೆಗೆ ಗುಚ್ಛದ ಬಾಗಿಲೂ ಮುಚ್ಚುತ್ತದೆ. ಚೆನ್ನಾಗಿ ನೀರು ಕುಡಿದು ನೆರಳಿನಲ್ಲಿರುವ ಆರೋಗ್ಯವಂತ ಯುವಕನಿಗೆ ಒಂದೆರಡು ಮಾತ್ರೆಯಿಂದ ಸಾಮಾನ್ಯವಾಗಿ ಹಾನಿಯಾಗದು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಈರುಳ್ಳಿ ಕಿತ್ತು, ಬೆವರಿ, ನೀರಿಲ್ಲದೆ ಬಂದ ಮಧುಮೇಹಿಯೊಬ್ಬರು ಸಂಜೆ ಸೊಂಟನೋವಿಗೆ ಅದನ್ನೇ ನುಂಗಿದರೆ, ಹೊಲಕ್ಕೆ ನೀರು ಬೇಕಾದ ಹೊತ್ತಿನಲ್ಲಿ ತೂಬನ್ನು ಮುಚ್ಚಿದಂತಾಗುತ್ತದೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಹಾನಿ ಕಾಯಮ್ಮಾಗುತ್ತದೆ. ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮೂತ್ರಪಿಂಡಗಳ ದೃಷ್ಟಿಯಿಂದ ಹೆಚ್ಚು ಸುರಕ್ಷಿತ. ಶಾಖ, ವಿಶ್ರಾಂತಿ, ವ್ಯಾಯಾಮಗಳು ಇನ್ನೂ ಮೇಲು.

ಹೊಲಗಳಲ್ಲಿ ದುಡಿಯುವವರಿಗೆ ಇನ್ನೊಂದು ಎಚ್ಚರಿಕೆಯ ಮಾತು. ಕೊಳಕುಮಂಡಲದ ಹಾವು ಕಡಿದರೆ ಅದರ ವಿಷವು ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳನ್ನು ಸ್ತಬ್ಧಗೊಳಿಸಬಲ್ಲದು. ಮಂತ್ರ, ನಾಟಿ ಮದ್ದುಗಳೆಂದು ಹೊತ್ತು ಕಳೆಯದೆ ವಿಷಹರ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯುವುದು ಜೀವವನ್ನೂ ಮೂತ್ರಪಿಂಡವನ್ನೂ ಉಳಿಸುತ್ತದೆ.

ನಮ್ಮ ಸೀಮೆಯ ನೀರು

ನಮ್ಮದು ಮಳೆ ಕಡಿಮೆಯ ಸೀಮೆ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೊಮ್ಮೆ ಕೋಡಿ ಬಿದ್ದುದು 2022ರಲ್ಲಿ ಎಂಬುದೇ ಇದಕ್ಕೆ ಸಾಕ್ಷಿ. ಕೆರೆಬಾವಿಗಳು ಬತ್ತಿದ ಕಡೆ ಜನರು ಆಳದ ಕೊಳವೆಬಾವಿಗಳನ್ನು ನಂಬಿದರು. ಬಂಡೆಗಳ ನಡುವೆ ಬಹುಕಾಲ ನಿಂತ ಆ ನೀರಿನಲ್ಲಿ ಹಲವು ಊರುಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಆಸರೆಯೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಹಲ್ಲು ಕಂದುವುದೂ, ಮೂಳೆ-ಕೀಲುಗಳು ಬಿಗಿಯುವುದೂ ಇದು ಮೀರಿದುದರ ಫಲವೆಂದು ನಮ್ಮವರು ಬಲ್ಲರು.

ಇದಕ್ಕೂ ಮೂತ್ರಪಿಂಡಕ್ಕೂ ನಂಟಿದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿಯೇ ಮೂತ್ರಪಿಂಡ. ಸೋಸುವಿಕೆ ಕುಗ್ಗಿದವರಲ್ಲಿ ಅದು ಹೊರಹೋಗದೆ ಮೂಳೆಗಳಲ್ಲಿ ಸಂಗ್ರಹವಾಗುತ್ತದೆ. ಇತರರಿಗೆ ತಾಳುವ ನೀರೂ ಅವರಿಗೆ ಭಾರವಾಗುತ್ತದೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗದು; ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದುದರಿಂದ ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನು ಬಳಸುವುದು ಉತ್ತಮ. ಘಟಕವು ಕೆಟ್ಟು ನಿಂತಿದ್ದರೆ ಅದನ್ನು ಗ್ರಾಮಸಭೆಯಲ್ಲಿ ಪ್ರಸ್ತಾಪಿಸುವುದು ಪ್ರತಿಯೊಬ್ಬರ ಕರ್ತವ್ಯ.

ಇನ್ನು ಕುಡಿಯಬೇಕಾದ ನೀರಿನ ಪ್ರಮಾಣ. ಜೋಗಿಮಟ್ಟಿಯ ಸುತ್ತಿನ ಗಾಳಿ ಎಲ್ಲರಿಗೂ ತಿಳಿದದ್ದೇ. ಆ ಗಾಳಿಯಲ್ಲಿ ಬೆವರು ಮೂಡಿದೊಡನೆ ಆರಿಹೋಗುತ್ತದೆ. ಮೈ ಒದ್ದೆಯಾಗದಿರುವುದರಿಂದ ಬೆವರಲಿಲ್ಲವೆಂದೇ ತೋರುತ್ತದೆ. ದೇಹದ ನೀರು ಮಾತ್ರ ಹೋಗಿಯೇ ಇರುತ್ತದೆ. ಹಾಗಾಗಿ ಬೆವರನ್ನಲ್ಲ, ಮೂತ್ರದ ಬಣ್ಣವನ್ನು ನೋಡಿ ನೀರು ಕುಡಿಯಬೇಕು. ತಿಳಿಹಳದಿ ಇದ್ದರೆ ಸಾಕಷ್ಟಾಯಿತು, ಗಾಢವಾಗಿದ್ದರೆ ಸಾಲದು. ಮೂತ್ರ ಗಾಢವಾಗಿದ್ದಷ್ಟೂ ಕಲ್ಲುಗಳು ಕಟ್ಟುವ ಸಂಭವ ಹೆಚ್ಚು. ಹೊಲಕ್ಕೆ ಹೋಗುವ ತಾಯಂದಿರು ಶೌಚದ ಅನುಕೂಲವಿಲ್ಲವೆಂದು ದಿನವೆಲ್ಲ ನೀರು ಕುಡಿಯದಿರುವುದು ನಮ್ಮ ಹಳ್ಳಿಗಳ ಕಹಿ ಸತ್ಯ. ಮನೆಯವರು ಇದನ್ನು ಅರಿತು ವ್ಯವಸ್ಥೆ ಮಾಡಬೇಕು. ಆದರೆ ಹೆಚ್ಚು ನೀರು ಕುಡಿದಷ್ಟೂ ಒಳ್ಳೆಯದೆಂಬ ಮಾತು ಎಲ್ಲರಿಗೂ ಅನ್ವಯಿಸದು. ಮೂತ್ರಪಿಂಡ ಬಹುವಾಗಿ ಕುಗ್ಗಿದವರೂ ಹೃದಯ ದುರ್ಬಲವಾದವರೂ ವೈದ್ಯರು ಹೇಳಿದಷ್ಟನ್ನೇ ಕುಡಿಯಬೇಕು.

ಪಾಲಿಸತಕ್ಕ ಕ್ರಮ

ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಅರುವತ್ತು ದಾಟಿದವರು, ಮನೆತನದಲ್ಲಿ ಮೂತ್ರಪಿಂಡ ರೋಗವಿರುವವರು, ನೋವಿನ ಮಾತ್ರೆಗಳನ್ನು ಬಹುಕಾಲ ನುಂಗಿದವರು, ಒಮ್ಮೆ ಕಲ್ಲು ಬಂದವರು, ಇವರೆಲ್ಲರೂ ವರ್ಷಕ್ಕೊಮ್ಮೆ ಮೇಲೆ ಹೇಳಿದ ಎರಡು ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಚೀಟಿಗಳನ್ನು ಬಿಸಾಡದೆ ಒಂದು ಕಡತದಲ್ಲಿ ಇಡಬೇಕು. ಒಂದು ವರ್ಷದ ಸಂಖ್ಯೆಗಿಂತ ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆಯೇ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮುದ್ದೆ-ಸೊಪ್ಪಿನ ಸಾರು ನಮ್ಮ ಸೀಮೆಯ ಒಳ್ಳೆಯ ಊಟವೇ. ಉಪ್ಪು ಅಡಗಿರುವುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲುಗಳಲ್ಲಿ. ತಂಬಾಕನ್ನು ಯಾವ ರೂಪದಲ್ಲಿಯೂ ಬಳಸಬಾರದು. ಹೊಸದುರ್ಗ, ಹಿರಿಯೂರುಗಳ ಎಳನೀರು ಆರೋಗ್ಯವಂತರಿಗೆ ಹಿತವಾದ ಪಾನೀಯ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಸೋಸುವಿಕೆ ತೀರ ಕುಗ್ಗಿದವರಿಗೆ ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ಗುಚ್ಛದ ಹೊರಬಾಗಿಲನ್ನು ಸಡಿಲಿಸಿ ಒಳಗಿನ ಒತ್ತಡವನ್ನು ಇಳಿಸುತ್ತವೆ. ಆಲ್ಬುಮಿನ್ ಸೋರಿಕೆಯನ್ನು ತಗ್ಗಿಸುತ್ತವೆ. ಈಚಿನ ವರ್ಷಗಳಲ್ಲಿ ಮಧುಮೇಹಕ್ಕೆಂದು ಬಂದ ಕೆಲವು ಮಾತ್ರೆಗಳೂ ಮೂತ್ರಪಿಂಡಗಳನ್ನು ರಕ್ಷಿಸುತ್ತವೆಂದು ಸಿದ್ಧಪಟ್ಟಿದೆ. “ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ” ಎಂದು ಇವನ್ನು ತಾವಾಗಿಯೇ ನಿಲ್ಲಿಸುವವರು, ಕಾಯುವ ಕಾವಲುಗಾರನನ್ನೇ ಮನೆಯಿಂದ ಹೊರಗಟ್ಟಿದಂತೆ. ವಾಂತಿ-ಭೇದಿಯಾದ ದಿನಗಳಲ್ಲಿ ಮಾತ್ರ ಇವನ್ನು ಮುಂದುವರಿಸಬೇಕೆ ಎಂದು ವೈದ್ಯರನ್ನು ಕೇಳಬೇಕು.

ಮೂತ್ರಪಿಂಡಗಳು ಪೂರ್ತಿ ಸೋತರೆ ಡಯಾಲಿಸಿಸ್ ಇದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೇವೆ ಉಚಿತವಾಗಿ ದೊರೆಯುತ್ತದೆ. ಅಂಗಾಂಗ ದಾನಕ್ಕೆ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ವ್ಯವಸ್ಥೆಯಿದೆ. ಇವು ಜೀವ ಉಳಿಸುವ ಉಪಕಾರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ವಾರಕ್ಕೆ ಮೂರು ಬಾರಿ, ಬಾರಿಗೆ ನಾಲ್ಕು ಗಂಟೆ, ಒಟ್ಟು 12 ಗಂಟೆ ಯಂತ್ರವು ದುಡಿಯುತ್ತದೆ. ನಮ್ಮ ಮೂತ್ರಪಿಂಡಗಳು ವಾರದ 168 ಗಂಟೆಯೂ ದುಡಿಯುತ್ತವೆ. ಊರಿಂದ ಊರಿಗೆ ಬಸ್ಸು ಹತ್ತಿಸದೆ, ಕೂಲಿ ತಪ್ಪಿಸದೆ, ಕೈಯ ನರಕ್ಕೆ ಸೂಜಿ ಚುಚ್ಚದೆ.

ಪ್ರತಿವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರವನ್ನು ವಿಶ್ವ ಮೂತ್ರಪಿಂಡ ದಿನವೆಂದು ಆಚರಿಸುತ್ತಾರೆ. ಆ ದಿನಕ್ಕಾಗಿ ಕಾಯಬೇಕಾಗಿಲ್ಲ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಓದುಗರು ಮನೆಯ ಮಾತ್ರೆ ಡಬ್ಬಿಯನ್ನೊಮ್ಮೆ ತೆರೆದು ನೋಡಲಿ. ಅದರಲ್ಲಿ ವೈದ್ಯರು ಬರೆದುಕೊಡದ ನೋವಿನ ಮಾತ್ರೆಗಳಿದ್ದರೆ ತೆಗೆದಿರಿಸಲಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪ, ಬಿ.ಪಿ. ಇರುವ ಅವ್ವ ಇದ್ದರೆ ಈ ತಿಂಗಳೊಳಗೆ ಅವರನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸಲಿ. “ನನಗೇನೂ ನೋವಿಲ್ಲವಲ್ಲ” ಎಂದು ಹಿರಿಯರು ಹಿಂಜರಿದರೆ, ನೋವಿಲ್ಲದಿರುವಾಗಲೇ ನೋಡಿಸಬೇಕಾದ ಅಂಗ ಇದು ಎಂದು ಅವರಿಗೆ ತಿಳಿಯಹೇಳಬೇಕೆಂದು ನಮ್ಮ ವಿನಂತಿ.